ತೋಟಕ್ಕೆ ಕಳ್ಳ ಬರುವ ಮೊದಲು: ಗೋವಾದ ಬೆಳೆ ಕಾಯುವ ಬಗೆ

ಬೆಲೆ ಏರಿದ ವಾರವೇ ತೋಟಕ್ಕೆ ಕಳ್ಳರ ಕಣ್ಣು ಬೀಳುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದಾಗ ಹಾಸನ ಜಿಲ್ಲೆಯ ಹೊಲವೊಂದರಿಂದ ಕಟಾವಿಗೆ ಬಂದಿದ್ದ ಲಕ್ಷಕ್ಕೂ ಮೀರಿದ ಬೆಲೆಯ ಹಣ್ಣು ರಾತ್ರೋರಾತ್ರಿ ಖಾಲಿಯಾಯಿತು. ಅದೇ ತಿಂಗಳು ಹಿರಿಯೂರು ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಹೊರಟಿದ್ದ ಟೊಮೆಟೊ ವಾಹನವನ್ನು ಬೆಂಗಳೂರಿನಲ್ಲಿ ಅಡ್ಡಗಟ್ಟಿ, ವಾಹನದ ಸಮೇತ ಒಯ್ದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು ವೆನಿಲ್ಲಾ ಕಾಲದಲ್ಲಿ ಮಲೆನಾಡು, ಕರಾವಳಿಯ ಬೆಳೆಗಾರರು ಇಂಥದ್ದೇ ರಾತ್ರಿಗಳನ್ನು ಕಂಡಿದ್ದರು. 2000ದ ಏಪ್ರಿಲ್‌ನಲ್ಲಿ ಹುದಾ ಚಂಡಮಾರುತ ಮಡಗಾಸ್ಕರ್‌ನ ವೆನಿಲ್ಲಾ ತೋಟಗಳನ್ನು ಹೊಡೆದುಹಾಕಿತು. ಕೆಲವೇ ವರ್ಷಗಳಲ್ಲಿ ಇಲ್ಲಿನ ಹಸಿ ಕೋಡಿಗೂ ಕೆ.ಜಿ.ಗೆ ಸಾವಿರಗಟ್ಟಲೆ ರೂಪಾಯಿ ಬಂತು. ಮನೆಯ ಗಂಡಸರು ಕಂಬಳಿ, ಟಾರ್ಚು ಹಿಡಿದು ತೋಟದಲ್ಲೇ ಮಲಗಿದರು. ಬೆಲೆ ಕುಸಿದ ಮೇಲೆ ಕಳ್ಳರೂ ಇಲ್ಲ, ಕಾವಲೂ ಇಲ್ಲ.

ಗೋವಾದಲ್ಲಿ ಈ ಭಯ ಇರುವುದು ತೆಂಗು, ಗೇರು, ಅಡಿಕೆ, ಕಾಳುಮೆಣಸು ಮತ್ತು ಮಾನ್‌ಕುರಾದ್ ಮಾವಿಗೆ. 2025ರಲ್ಲಿ ದಕ್ಷಿಣ ಭಾರತದುದ್ದಕ್ಕೂ ತೆಂಗಿನಕಾಯಿ ಬೆಲೆ ಜಿಗಿದಾಗ ಒಂದೊಂದು ಗೊನೆಯೂ ನೋಟಿನ ಕಟ್ಟಾಯಿತು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಮಾನ್‌ಕುರಾದ್ ಹಂಗಾಮಿನ ಮೊದಲ ವಾರಗಳಲ್ಲಿ ಪಣಜಿ, ಮಾಪ್ಸಾ ಪೇಟೆಗಳಲ್ಲಿ ಡಜನ್‌ಗೆ ಸಾವಿರಾರು ರೂಪಾಯಿಗೆ ಹೋಗುತ್ತದೆ. ಇತ್ತ ತೋಟಗಳು ಮಾತ್ರ ಜನರಿಲ್ಲದೆ ನಿಂತಿವೆ. ಮಾಲೀಕರು ಮುಂಬೈಯಲ್ಲಿ, ಗಲ್ಫ್‌ನಲ್ಲಿ, ಪೋರ್ಚುಗಲ್‌ನಲ್ಲಿ. ಊರಿನ ಮನೆಗೆ ಬೀಗ. ತೋಟ ನೋಡಿಕೊಳ್ಳುವ ಕೈಗಳಲ್ಲಿ ಹಾವೇರಿ, ಗದಗ, ಕೊಪ್ಪಳ, ವಿಜಯಪುರ ಕಡೆಯಿಂದ ದುಡಿಯಲು ಹೋದ ಕನ್ನಡಿಗರ ಕೈಗಳೂ ಸೇರಿವೆ. ನೆಲ ಇರುವವರಿಗೂ ಅದನ್ನು ಕಾಯುವವರಿಗೂ ಬೇಕಾದ ವಿಷಯ ಇದು.

ಕಳ್ಳನ ದುರ್ಬಲ ಜಾಗ

ತೋಟದ ಕಳ್ಳನಿಗೆ ಮೂರು ಸಂಗತಿ ಕೂಡಿ ಬರಬೇಕು: ಮಾಲು ಒಟ್ಟಿಗೆ ಸಿಗಬೇಕು, ಯಾರೂ ಇಲ್ಲದ ಒಂದೆರಡು ಗಂಟೆ ಸಿಗಬೇಕು, ಹೊತ್ತೊಯ್ಯಲು ದಾರಿ ಇರಬೇಕು. ಸಿಪ್ಪೆ ಸಹಿತದ ಒಂದು ತೆಂಗಿನಕಾಯಿ ಹೆಚ್ಚುಕಡಿಮೆ ಒಂದರಿಂದ ಒಂದೂವರೆ ಕೆ.ಜಿ. ತೂಗುತ್ತದೆ. ಇನ್ನೂರು ಕಾಯಿ ಕದ್ದರೆ ಎರಡು ಕ್ವಿಂಟಾಲ್ ದಾಟಿತು. ಅದನ್ನು ಹೆಗಲ ಮೇಲೆ ಸಾಗಿಸಲಾಗದು. ಪಿಕಪ್ ಬೇಕು, ಇಲ್ಲವೇ ರಿಕ್ಷಾ ಬೇಕು, ಅದು ನಿಲ್ಲಲು ಜಾಗ ಬೇಕು. ಹೆಚ್ಚಿನ ಮಾಲೀಕರು ಖರ್ಚನ್ನೆಲ್ಲ ಮರದ ಸುತ್ತ ಸುರಿಯುತ್ತಾರೆ. ಅದಕ್ಕಿಂತ ವಾಹನದ ದಾರಿಯನ್ನು ಬಂದ್ ಮಾಡುವುದು ಅಗ್ಗ ಮತ್ತು ಗಟ್ಟಿ. ಹಿಂಬದಿಯ ಕಾಲುದಾರಿ ಎಲ್ಲಿ ಜೀಪು ನುಗ್ಗುವಷ್ಟು ಅಗಲವಾಗುತ್ತದೋ ಅಲ್ಲಿ ಎರಡು ಮುರಕಲ್ಲಿನ ಕಂಬ ನಿಲ್ಲಿಸಿದರೆ ನಡೆಯುವವರಿಗೆ ತೊಂದರೆಯಿಲ್ಲ, ಚಕ್ರಕ್ಕೆ ಮಾತ್ರ ತಡೆ. ದಾರಿ ನೆರೆಯವರಿಗೂ ಹಕ್ಕಿನದಾಗಿದ್ದರೆ ಅವರನ್ನು ಕೇಳದೆ ಮುಚ್ಚಬಾರದು. ಗೋವಾದ ನ್ಯಾಯಾಲಯಗಳಲ್ಲಿ ದಾರಿಯ ವ್ಯಾಜ್ಯಗಳಿಗೆ ಕೊರತೆಯಿಲ್ಲ.

ನೆಲದ ಆಕಾರ ನೋಡಿ ಕಾವಲು ಹಾಕಬೇಕು. ಫೋಂಡಾ, ಸತ್ತರಿ, ಸಾಂಗೆ ಕಡೆಯ ಕುಳಾಗರಗಳು ಕಣಿವೆಯೊಳಗೆ ಹಳ್ಳದ ಬದಿಯಲ್ಲಿ ಇರುವಂಥವು: ಅಡಿಕೆ, ತೆಂಗು, ಬಾಳೆ, ಮೆಣಸಿನ ಬಳ್ಳಿ, ಮೇಲ್ಗಡೆ ಮನೆ. ಶಿರಸಿ, ಯಲ್ಲಾಪುರದ ತೋಟ ನೋಡಿದವರಿಗೆ ಇದು ಪರಿಚಿತ ನೋಟ. ಇಂಥಲ್ಲಿ ಒಳಬರುವ ದಾರಿ ಒಂದೋ ಎರಡೋ. ಆ ಬಾಯನ್ನು ಕಾದರೆ ಅರ್ಧ ಕೆಲಸ ಮುಗಿಯಿತು. ಗೋವಾದಲ್ಲಿ ಎಲ್ಲ ಬೆಳೆಗಿಂತ ಹೆಚ್ಚು ನೆಲ ಆವರಿಸಿರುವ ಗೇರು ಹಾಗಲ್ಲ. ಅದು ಬೋಳು ಗುಡ್ಡದ ಬೆಳೆ, ನಾಲ್ಕೂ ದಿಕ್ಕಿನಿಂದ ಕಾಲುದಾರಿ, ಬೇಲಿ ಹಾಕಿ ಪೂರೈಸದು. ಅಲ್ಲಿ ಬೇಗ ಹೆಕ್ಕುವುದೊಂದೇ ಕಾವಲು. ಬಾರ್ದೇಸ್, ಸಾಲ್ಸೆಟ್ ಕಡಲಂಚಿನ ತೆಂಗಿನ ತೋಪುಗಳಲ್ಲಿ ಪ್ರವಾಸಿಗರು, ಬಾಡಿಗೆ ಮನೆಯವರು, ಕಟ್ಟಡ ಕೆಲಸದವರು ಎಲ್ಲರೂ ಓಡಾಡುತ್ತಾರೆ. ಅಪರಿಚಿತ ಮುಖ ಅಲ್ಲಿ ಅನುಮಾನ ಹುಟ್ಟಿಸುವುದೇ ಇಲ್ಲ. ಹೀಗಾಗಿ ಅಲ್ಲಿ ಮರಕ್ಕೇ ರಕ್ಷಣೆ ಬೇಕಾಗುತ್ತದೆ.

ಮೊದಲು ಕಳ್ಳ ಯಾರೆಂದು ತಿಳಿಯಿರಿ

ಕಾಯಿ ಕಡಿಮೆಯಾದ ತಕ್ಷಣ ಮನುಷ್ಯನ ಮೇಲೆ ಬೊಟ್ಟು ಮಾಡಬೇಡಿ. ಪಶ್ಚಿಮ ಘಟ್ಟದ ಬುಡದ ತೋಟಗಳಲ್ಲಿ ಫಸಲಿಗೆ ಕೈಹಾಕುವವರಲ್ಲಿ ನಾಲ್ಕು ಕಾಲಿನವರೂ ಇದ್ದಾರೆ. ಕೆಂಜಳಿಲು ಎಳನೀರಿನ ಕಾಯಿಗೆ ಗುಂಡಗೆ ತೂತು ಕೊರೆದು ಒಳಗಿನದನ್ನು ತಿಂದು ಟೊಳ್ಳು ಕಾಯಿಯನ್ನು ಬುಡಕ್ಕೆ ಬೀಳಿಸುತ್ತದೆ. ಇಲಿ ತೊಟ್ಟಿನ ಹತ್ತಿರ ಕಚ್ಚುತ್ತದೆ. ಮಂಗ ಅರೆಬರೆ ಕಚ್ಚಿ, ಹತ್ತು ಕಡೆ ಎಸೆದು ಹೋಗುತ್ತದೆ. ಬಾವಲಿ ಗೇರುಹಣ್ಣನ್ನು ಬೀಜದ ಸಮೇತ ಒಯ್ದು ದೂರದ ಮರದಲ್ಲಿ ರಸ ಹೀರಿ ಬೀಜ ಉದುರಿಸುತ್ತದೆ; ಗೇರು ಇಲ್ಲದ ಕಡೆಯ ಆಲದ, ಹಲಸಿನ ಬುಡದಲ್ಲಿ ಗೇರುಬೀಜದ ರಾಶಿ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಮುಳ್ಳುಹಂದಿ ತೆಂಗಿನ ಸಸಿಯ ಬುಡವನ್ನೇ ಅಗೆದು ತಿನ್ನುತ್ತದೆ.

ಮನುಷ್ಯನ ಗುರುತು ಬೇರೆ. ಗೊನೆಯ ತೊಟ್ಟು ಕತ್ತಿಯಿಂದ ನೇರವಾಗಿ ಕಡಿದಿರುತ್ತದೆ. ಕಾಯಿ ಸುಲಿದ ಸಿಪ್ಪೆ ಒಂದೇ ಕಡೆ ಗುಪ್ಪೆಯಾಗಿ, ಹೆಚ್ಚಾಗಿ ರಸ್ತೆಗೆ ಹತ್ತಿರದ ಪೊದೆಯ ಮರೆಯಲ್ಲಿ ಬಿದ್ದಿರುತ್ತದೆ. ಭಾರ ಇಳಿಸಲು ಅಲ್ಲೇ ಸುಲಿದದ್ದು. ಗೇರುಹಣ್ಣು ಮರದ ಬುಡದಲ್ಲಿ ಸಾಲಾಗಿ ಬಿದ್ದಿದ್ದು ಒಂದರಲ್ಲೂ ಬೀಜ ಇಲ್ಲದಿದ್ದರೆ ಅದು ಕೈಯಿಂದ ತಿರುವಿ ಕಿತ್ತ ಕೆಲಸ. ಮೆಣಸಿನ ಬಳ್ಳಿಯಲ್ಲಿ ಕೈಗೆಟಕುವ ಎತ್ತರದವರೆಗೆ ಮಾತ್ರ ಕರೆ ಖಾಲಿಯಾಗಿದ್ದರೆ ಏಣಿ ಇಲ್ಲದೆ ಬಂದವರು ಯಾರೋ ಇದ್ದಾರೆ ಎಂದರ್ಥ. ಇವನ್ನು ಮುಟ್ಟದೆ, ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಮುಂದೆ ದೂರು ಕೊಡುವಾಗ ಬೇಕಾಗುತ್ತದೆ.

ಪ್ರಾಣಿಯ ಕೆಲಸವಾದರೂ, ಮನುಷ್ಯನ ಕೆಲಸವಾದರೂ ವಿಷ ಇಡುವುದು, ಉರುಳು ಹಾಕುವುದು ಬೇಡವೇ ಬೇಡ. 2020ರ ಜನವರಿಯಲ್ಲಿ ಸತ್ತರಿಯ ಮ್ಹಾದೇಯಿ ಕಾಡಿನಲ್ಲಿ ವಿಷಕ್ಕೆ ಒಂದು ಹೆಣ್ಣು ಹುಲಿ ಮತ್ತು ಅದರ ಮೂರು ಮರಿಗಳು ಬಲಿಯಾದವು. ಕೆಲವರ ಸಿಟ್ಟು ಇಡೀ ಕಾಡಿನ ನಷ್ಟವಾದದ್ದು ಹೀಗೆ.

ಬೆಳೆಗೆ ತಕ್ಕ ಕಾವಲು

ತೆಂಗು ಹೆಚ್ಚು ಕಳುವಾಗುವುದು ಕೊಯ್ಲಿಗೆ ಹತ್ತು ಹದಿನೈದು ದಿನ ಉಳಿದಿರುವಾಗ. ಕಾಯಿ ಬಲಿತಿರುತ್ತದೆ, ಮಾಲೀಕ ಇನ್ನೂ ಬಂದಿರುವುದಿಲ್ಲ. ಗೋವಾದಲ್ಲಿ ಮರ ಹತ್ತುವ ಪಾಡೇಲಿಗಳು ಈಗ ಬಲು ವಿರಳ. ಅವರು ಸಿಕ್ಕ ದಿನ ಕೊಯ್ಲು ಎಂಬಂತಾಗಿ, ನಲವತ್ತೈದು ದಿನಕ್ಕೆ ಆಗಬೇಕಾದ ಕೊಯ್ಲು ಮೂರು ನಾಲ್ಕು ತಿಂಗಳಿಗೆ ಹೋಗುತ್ತದೆ. ಈ ತಡವೇ ಕಳ್ಳತನಕ್ಕೆ ದೊಡ್ಡ ಆಹ್ವಾನ. ಅಕ್ಕಪಕ್ಕದ ನಾಲ್ಕೈದು ತೋಟದವರು ಸೇರಿ ಒಬ್ಬ ಪಾಡೇಲಿಗೆ ವರ್ಷದ ಸರದಿ ಗೊತ್ತುಮಾಡಿದರೆ ಅವರಿಗೂ ಖಾಯಂ ದುಡಿಮೆ, ತೋಟಕ್ಕೂ ಹೊತ್ತಿಗೆ ಸರಿಯಾದ ಕೊಯ್ಲು. ದಿನ ಮಾತ್ರ ಪ್ರತಿ ಸಲ ಸ್ವಲ್ಪ ಹಿಂದುಮುಂದಾಗಲಿ. ಪ್ರತಿ ಕೊಯ್ಲಿನ ಕಾಯಿ ಎಣಿಸಿ ಮರದ ಸಂಖ್ಯೆಯೊಂದಿಗೆ ಬರೆದಿಡಿ. ಮರಕ್ಕೆ ಬಣ್ಣದಲ್ಲಿ ಸಂಖ್ಯೆ ಬರೆಯುವುದು ಒಂದು ಬೆಳಗಿನ ಕೆಲಸ. ಎರಡು ಮೂರು ಕೊಯ್ಲಿನ ಲೆಕ್ಕ ಕೈಯಲ್ಲಿದ್ದರೆ ಯಾವ ಸಾಲಿನಲ್ಲಿ ಎಷ್ಟು ಕಡಿಮೆ ಎಂಬುದು ತಾನಾಗಿ ಕಾಣುತ್ತದೆ, ಕಳ್ಳ ಯಾವ ಕಡೆಯಿಂದ ಬರುತ್ತಾನೆಂಬುದೂ ಅದರಲ್ಲೇ ಇರುತ್ತದೆ.

ಇಲಿ ಹತ್ತದಂತೆ ಕಾಂಡಕ್ಕೆ ಸುತ್ತುವ ತಗಡಿನ ಪಟ್ಟಿ ಮನುಷ್ಯನಿಗೂ ತಕ್ಕಮಟ್ಟಿಗೆ ಅಡ್ಡಿ. ಎರಡಾಳು ಎತ್ತರದಲ್ಲಿ ಒಣ ಮಡಲುಗಳನ್ನು ಕಾಂಡಕ್ಕೆ ಬಿಗಿಯಾಗಿ ಕಟ್ಟುವುದು ಹಳೆಯ ಕ್ರಮ. ಹತ್ತುವವನ ಮೈ ತಾಗಿದರೆ ಗರಿ ಸದ್ದು ಮಾಡುತ್ತದೆ, ಬಿಚ್ಚಿ ಹತ್ತಲು ಸಮಯ ಹಿಡಿಯುತ್ತದೆ. ಗಾಜಿನ ಚೂರು, ಮೊಳೆ ಹೊಡೆಯುವುದು ತಪ್ಪು. ನಾಳೆ ಹತ್ತುವುದು ನಿಮ್ಮದೇ ಪಾಡೇಲಿ.

ಗೇರಿನ ವಿಷಯ ಬೇರೆ. ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಈ ಮರ ಗೋವಾದ ಗುಡ್ಡಗಳಲ್ಲಿ ಬೀಜಕ್ಕಾಗಿಯೂ ಹಣ್ಣಿಗಾಗಿಯೂ ಬೆಳೆಯುತ್ತದೆ. 2009ರಲ್ಲಿ ಭೌಗೋಳಿಕ ಗುರುತು ಪಡೆದ ಗೇರು ಫೆನ್ನಿಗೆ ತಾನಾಗಿ ಮಾಗಿ ನೆಲಕ್ಕೆ ಬಿದ್ದ ಹಣ್ಣು ಬೇಕು. ಹಣ್ಣು ಬೀಳುವವರೆಗೆ ಕಾಯಬೇಕು, ಬಿದ್ದ ಕೂಡಲೇ ಹೆಕ್ಕಬೇಕು: ಇಕ್ಕಟ್ಟು ಇರುವುದು ಇವೆರಡರ ನಡುವೆ. ಮಾರ್ಚ್‌ನಿಂದ ಮೇವರೆಗೆ ದಿನವೂ ನಸುಕಿನಲ್ಲಿ ಹೆಕ್ಕುವ ಮನೆಗಳಲ್ಲಿ ನಷ್ಟ ತೀರಾ ಕಡಿಮೆ. ಎರಡು ದಿನ ಬಿಟ್ಟು ಹೋದರೆ ಬೇರೆಯವರು ಹೆಕ್ಕಿ ಆಗಿರುತ್ತದೆ. ಫೆಬ್ರವರಿಯಲ್ಲೇ ಮರದ ಬುಡದ ತರಗು, ಕುರುಚಲು ಸವರಿ ಸ್ವಚ್ಛ ಮಾಡಿಟ್ಟರೆ ಬೀಜ ಕಣ್ಣಿಗೆ ಬೀಳುತ್ತದೆ, ಹೆಕ್ಕುವ ವೇಗ ಹೆಚ್ಚುತ್ತದೆ, ಪೊದೆಯಲ್ಲಿ ಚೀಲ ಬಚ್ಚಿಡುವ ಅವಕಾಶವೂ ತಪ್ಪುತ್ತದೆ. ಬೇಸಿಗೆಯ ಬೆಂಕಿಗೂ ಇದು ತಡೆ. ಎಳೆ ಬೀಜದ ತಿರುಳಿಗೆ ಒಳ್ಳೆಯ ಬೆಲೆ ಇರುವುದರಿಂದ ಹಂಗಾಮಿನ ಆರಂಭದಲ್ಲೇ, ಹಣ್ಣು ಬಣ್ಣ ಕಟ್ಟುವ ಮೊದಲೇ ಒಮ್ಮೆ ಸುತ್ತು ಹೊಡೆಯಬೇಕು.

ಗೇರಿನಲ್ಲಿ ದೊಡ್ಡ ನಷ್ಟ ಆಗುವುದು ಮರದಲ್ಲಿ ಅಲ್ಲ, ಅಂಗಳದಲ್ಲಿ. ಎರಡು ಮೂರು ಬಿಸಿಲು ಕೊಟ್ಟು ಒಣಗಿಸಿ, ಒಳ್ಳೆ ದರ ಬರಲಿ ಎಂದು ಚಾವಡಿಯಲ್ಲಿ ಒಟ್ಟಿದ ಚೀಲಗಳು ಒಂದೇ ರಾತ್ರಿಗೆ ಹೋದರೆ ಇಡೀ ಹಂಗಾಮು ಹೋದಂತೆ. ಒಣಗಿದ ಬೀಜವನ್ನು ಒಳಕೋಣೆಯಲ್ಲಿ ಬೀಗದೊಳಗೆ ಇಡಿ, ವಾರಕ್ಕೊಮ್ಮೆ ಸೊಸೈಟಿಗೋ ವ್ಯಾಪಾರಿಗೋ ಹಾಕಿ ರಸೀದಿ ಪಡೆಯಿರಿ. ಅಡಿಕೆಗೂ ಇದೇ ಮಾತು. ಮರದಿಂದ ಗೊನೆ ಇಳಿಸಿಕೊಂಡು ಹೋಗುವವರಿಗಿಂತ ಅಂಗಳದಲ್ಲಿ ಹರವಿದ ಒಣಗೋಟನ್ನು ತುಂಬಿಕೊಳ್ಳುವವರು ಹೆಚ್ಚು ಅಪಾಯ. ಮೆಣಸು ಕೆ.ಜಿ. ಲೆಕ್ಕದಲ್ಲಿ ಹಗುರ, ಬೆಲೆಯಲ್ಲಿ ಭಾರ. ಸ್ಕೂಟರಿನ ಡಿಕ್ಕಿಯಲ್ಲೇ ಸಾಗಿಹೋಗುತ್ತದೆ. ಕರೆಯಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಕೊಯ್ಯುವುದು ಗುಣಮಟ್ಟಕ್ಕೂ ಒಳ್ಳೆಯದು, ಕಾವಲಿಗೂ ಒಳ್ಳೆಯದು. ಮಾವು ಮರದಲ್ಲೇ ಹಣ್ಣಾಗಲಿ ಎಂಬ ಆಸೆ ಬೇಡ. ಬಲಿತ ಕಾಯಿಯನ್ನು ನಾಲ್ಕೈದು ಕಂತಿನಲ್ಲಿ ಇಳಿಸಿ ಹುಲ್ಲಿನಲ್ಲಿ ಅಡೆ ಹಾಕಿ.

ಬೆಳೆಗೇ ಗುರುತು ಹಾಕುವ ಉಪಾಯವನ್ನೂ ಲೋಕ ಕಂಡುಕೊಂಡಿದೆ. ಮಡಗಾಸ್ಕರ್‌ನಲ್ಲಿ ವೆನಿಲ್ಲಾ ಬೆಳೆಗಾರರು ಹಸಿ ಕೋಡಿನ ಮೇಲೆ ಸೂಜಿ ಚುಕ್ಕಿಗಳಿಂದ ತಮ್ಮ ಗುರುತು ಚುಚ್ಚುತ್ತಾರೆ. ಕೋಡು ಒಣಗಿ ಕಪ್ಪಾದರೂ ಆ ಚುಕ್ಕಿ ಉಳಿಯುತ್ತದೆ. ಸ್ಪೇನಿನ ಆಂಡಲೂಸಿಯಾದಲ್ಲಿ ಆಲಿವ್ ಸಾಗಿಸುವವರ ಬಳಿ ಅದು ಯಾವ ತೋಟದ್ದೆಂಬ ಕಾಗದ ಇರಬೇಕು, ಹಂಗಾಮಿನಲ್ಲಿ ಪೊಲೀಸರು ರಸ್ತೆಯಲ್ಲೇ ಕೇಳುತ್ತಾರೆ. ನ್ಯೂಜಿಲೆಂಡ್‌ನಲ್ಲಿ 2016ರಲ್ಲಿ ಬೆಣ್ಣೆಹಣ್ಣಿನ ಬೆಲೆ ಏರಿ ವರ್ಷದ ಮೊದಲರ್ಧದಲ್ಲೇ ನಲವತ್ತರ ಹತ್ತಿರ ದೊಡ್ಡ ಕಳ್ಳತನಗಳು ವರದಿಯಾದವು. ಕದ್ದ ಮಾಲು ಎಲ್ಲೋ ಒಂದು ಕಡೆ ಮಾರಾಟವಾಗಲೇಬೇಕು ಎಂಬುದು ಎಲ್ಲ ಕಡೆಯ ಅನುಭವ. ಗೋವಾದ ತಾಲೂಕು ಪೇಟೆಗಳಲ್ಲಿ ಗೇರುಬೀಜ, ಅಡಿಕೆ, ತೆಂಗು ಕೊಳ್ಳುವ ಅಂಗಡಿಗಳು ಎಣಿಸುವಷ್ಟೇ ಇವೆ. ಕಳುವಾದ ದಿನವೇ ಅವರಿಗೆ ಫೋನು ಮಾಡಿ ಚೀಲದ ಗುರುತು, ಅಂದಾಜು ತೂಕ ಹೇಳಿಟ್ಟರೆ ಮಾಲು ಸಿಗುವ ಸಾಧ್ಯತೆ ಇರುತ್ತದೆ. ಮೂರು ದಿನ ಬಿಟ್ಟರೆ ಇಲ್ಲ.

ಬೇಲಿ, ನಾಯಿ, ಕ್ಯಾಮೆರಾ

ತಂತಿಬೇಲಿಗೆ ಕರೆಂಟು ಹರಿಸುವ ಕೆಟ್ಟ ಅಭ್ಯಾಸ ಇನ್ನೂ ಹೋಗಿಲ್ಲ. ಮನೆಯ ಲೈನಿನಿಂದ ನೇರ ಸಂಪರ್ಕ ಕೊಟ್ಟರೆ ಸಾಯುವುದು ಕಳ್ಳನೇ ಆಗಬೇಕಿಲ್ಲ. ದನ ಅಟ್ಟಿಕೊಂಡು ಬಂದ ಹುಡುಗ ಆಗಬಹುದು, ಸೌದೆಗೆ ಬಂದ ಹೆಂಗಸು ಆಗಬಹುದು, ಸ್ವಂತ ಮನೆಯವರೇ ಆಗಬಹುದು. ಹಾಗೆ ಸಾವಾದರೆ ತೋಟದವನ ಮೇಲೆ ನರಹತ್ಯೆಯ ಪ್ರಕರಣ ದಾಖಲಾಗುತ್ತದೆ. ಸೋಲಾರ್ ಬೇಲಿಯ ವಿಧಾನವೇ ಬೇರೆ. ಅದರ ಯಂತ್ರ ಸೆಕೆಂಡಿಗೆ ಒಂದರಂತೆ ಅತಿ ಕಿರಿದಾದ ಮಿಡಿತಗಳನ್ನು ಮಾತ್ರ ಹರಿಸುತ್ತದೆ, ತಾಗಿದವರು ಕೈ ಕಿತ್ತುಕೊಳ್ಳಲು ನಡುವೆ ಬಿಡುವಿರುತ್ತದೆ. ಕೊಳ್ಳುವಾಗ ಐಇಸಿ 60335-2-76 ಎಂಬ ಸುರಕ್ಷತಾ ಮಾನದಂಡದ ಗುರುತು ಇದೆಯೇ ನೋಡಿ. ಬೇಲಿಯ ಮೇಲೆ ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲೂ ಎಚ್ಚರಿಕೆಯ ಫಲಕ ಇರಲಿ.

ಕ್ಯಾಮೆರಾವನ್ನು ಮರಕ್ಕೆ ಗುರಿ ಇಟ್ಟರೆ ಬೆನ್ನು ಮಾತ್ರ ಕಾಣುತ್ತದೆ. ಗೇಟಿನ ಹತ್ತಿರ, ವಾಹನ ನಿಲ್ಲುವ ಜಾಗಕ್ಕೆ, ನಂಬರ್ ಪ್ಲೇಟಿನ ಎತ್ತರಕ್ಕೆ ತಿರುಗಿಸಿ. ಗೋವಾದ ಮಳೆಗಾಲ ಮೂರು ಸಾವಿರ ಮಿ.ಮೀ. ಆಸುಪಾಸಿನದು. ಜೂನ್‌ನಲ್ಲಿ ಹಾಕಿದ ಅಗ್ಗದ ಪೆಟ್ಟಿಗೆ ಆಗಸ್ಟ್‌ನಲ್ಲಿ ತುಕ್ಕು ಹಿಡಿದು ಕುರುಡಾಗಿರುತ್ತದೆ. ಮೇಯಲ್ಲೂ ಅಕ್ಟೋಬರ್‌ನಲ್ಲೂ ಸಿಡಿಲಿನ ಕಾಟ. ಹಂಗಾಮಿಗೆ ಮಾತ್ರ ಹಾಕಿ ತೆಗೆದಿಡುವ, ಬ್ಯಾಟರಿಯ, ಸಿಮ್ ಇರುವ ಕ್ಯಾಮೆರಾ ಒಂದಿದ್ದರೆ ಸಾಕು. ಪಕ್ಕದ ಮನೆಯ ಅಂಗಳ, ಬಾವಿಕಟ್ಟೆ ಅದರಲ್ಲಿ ಬೀಳಬಾರದು.

ನಾಯಿ ಒಳ್ಳೆಯ ಕಾವಲುಗಾರ. ಆದರೆ ಸತ್ತರಿ, ಸಾಂಗೆ, ಕಾಣಕೋಣದ ಕಾಡಂಚಿನಲ್ಲಿ ಚಿರತೆ ನಾಯಿಗಾಗಿಯೇ ಅಂಗಳಕ್ಕೆ ಬರುತ್ತದೆ. ಕತ್ತಲಾದ ಮೇಲೆ ನಾಯಿಯನ್ನು ಸರಪಳಿಯಲ್ಲಿ ಹೊರಗೆ ಕಟ್ಟಿದರೆ ಅದನ್ನು ಬಲಿಗೆ ಕಟ್ಟಿದಂತೆಯೇ. ಕಂಬಿಯ ಬಾಗಿಲಿನ ಜಗಲಿಯೊಳಗಿಂದಲೇ ಅದು ಬೊಗಳಲಿ.

ಕಾಯುವ ಮನುಷ್ಯ

ಗೋವಾದಲ್ಲಿ ನೆಲ ಕಾಯುವುದಕ್ಕೂ ನೆಲದಲ್ಲಿ ನೆಲೆಸುವುದಕ್ಕೂ ಹಳೆಯ ನಂಟಿದೆ. ಭಾಟ್‌ಕಾರ, ಅಂದರೆ ನೆಲದ ಒಡೆಯ, ತನ್ನ ಜಾಗದಲ್ಲಿ ಒಂದು ಕುಟುಂಬಕ್ಕೆ ಮನೆ ಕಟ್ಟಿಕೊಳ್ಳಲು ಬಿಡುತ್ತಿದ್ದ. ಆ ಮುಂಡಕಾರ ಕುಟುಂಬ ತೋಟದ ಮೇಲೆ ಕಣ್ಣಿಡುತ್ತಿತ್ತು, ಕರೆದಾಗ ಕೆಲಸಕ್ಕೆ ಹೋಗುತ್ತಿತ್ತು, ಮತ್ತು ಒಡೆಯ ಬೇಡವೆಂದ ದಿನ ಬೀದಿಗೆ ಬೀಳುವ ಭಯದಲ್ಲಿ ಬದುಕುತ್ತಿತ್ತು. 1975ರ ಮುಂಡಕಾರ ಕಾಯಿದೆ ಆ ಭಯಕ್ಕೆ ತಡೆ ಹಾಕಿತು. ಅದರ ಬೆನ್ನಿಗೆ ಇನ್ನೊಂದು ಬಗೆಯ ಅಂಜಿಕೆ ಹುಟ್ಟಿತು: ಯಾರನ್ನಾದರೂ ತೋಟದಲ್ಲಿ ಇರಿಸಿದರೆ ನಾಳೆ ಹಕ್ಕು ಕೇಳಿಯಾರು ಎಂದು ಮಾಲೀಕರು ಜಾಗವನ್ನು ಖಾಲಿ ಬಿಡತೊಡಗಿದರು. ಖಾಲಿ ಬಿಟ್ಟ ತೋಟ ಕಳ್ಳನ ಪಾಲು. ದಾರಿ ಇರುವುದು ಬರಹದಲ್ಲಿ. ಕಾವಲುಗಾರನ ನೇಮಕ, ತಿಂಗಳ ಸಂಬಳ, ಇರುವ ಕೋಣೆ, ಅವಧಿ ಇವಿಷ್ಟನ್ನು ಸ್ಥಳೀಯ ವಕೀಲರಿಂದ ಬರೆಸಿ ಇಬ್ಬರೂ ಸಹಿ ಮಾಡಲಿ, ಸಂಬಳ ಬ್ಯಾಂಕ್ ಖಾತೆಗೆ ಹೋಗಲಿ. ಮಾಲೀಕನಿಗೆ ಇದು ಎಷ್ಟು ರಕ್ಷಣೆಯೋ ಕಾವಲುಗಾರನಿಗೂ ಅಷ್ಟೇ. ಫಸಲನ್ನು ಮರದ ಮೇಲೆಯೇ ಗುತ್ತಿಗೆ ಕೊಡುವವರೂ ಒಂದು ಹಂಗಾಮಿನ ಫಸಲಿನ ಮಾರಾಟ ಎಂದೇ ಬರೆಸಬೇಕು. ಗೇಣಿ ಎಂದು ಓದಿಕೊಳ್ಳುವ ಹಾಗೆ ಬರೆದರೆ ತೊಡಕು.

ಘಟ್ಟ ಇಳಿದು ಬಂದ ಕನ್ನಡದ ಕೂಲಿಯವರಿಗೆ ಗೋವಾದಲ್ಲಿ ಒಂದು ಕಷ್ಟವಿದೆ. ಊರಲ್ಲಿ ಏನೇ ಕಳುವಾದರೂ ಮೊದಲ ಅನುಮಾನ ಹೊರಗಿನವರ ಮೇಲೆ, ಶೆಡ್ಡಿನಲ್ಲಿ ಇರುವವರ ಮೇಲೆ. ‘ಘಾಟಿ’ ಎಂದು ಹೀಗಳೆದು ಕರೆಸಿಕೊಂಡವರಿಗೆ ಅದರ ನೋವು ಗೊತ್ತು. ತೋಟದ ಕಳ್ಳತನ ಬಹುಪಾಲು ಕೊಯ್ಲಿನ ದಿನ, ನಾಯಿಯ ಹೆಸರು, ಹಿಂಬಾಗಿಲ ದಾರಿ ಎಲ್ಲ ತಿಳಿದವರು ಮಾಡುವ ಕೆಲಸ. ಭಾಷೆ ಬೇರೆಯಾದ ಮಾತ್ರಕ್ಕೆ ಯಾರೂ ಕಳ್ಳರಲ್ಲ. ಕಾವಲಿಗೆ ನಿಂತ ಅಣ್ಣತಮ್ಮಂದಿರು ಒಂದು ಡೈರಿ ಇಟ್ಟುಕೊಳ್ಳಲಿ: ಇಂದು ಯಾರು ಬಂದರು, ಯಾವ ವಾಹನ, ಎಷ್ಟು ಕಾಯಿ ಹೋಯಿತು, ಸುತ್ತು ಹೊಡೆದ ಹೊತ್ತು ಯಾವುದು. ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ರಾತ್ರಿ ಸದ್ದಾದರೆ ಒಬ್ಬರೇ ಎದುರು ಹೋಗಬಾರದು. ದೀಪ ಹಾಕಿ, ಕೂಗಿ, 112ಕ್ಕೆ ಫೋನು ಮಾಡಬೇಕು. ಹತ್ತು ತೆಂಗಿನಕಾಯಿಗೆ ಪ್ರಾಣ ಪಣಕ್ಕಿಡುವ ಕೆಲಸ ಯಾರದ್ದೂ ಅಲ್ಲ, ತಿಂಗಳ ಸಂಬಳದ ಕಾವಲುಗಾರನದಂತೂ ಅಲ್ಲವೇ ಅಲ್ಲ.

ಊರಿನ ಹಳೆಯ ಕಾವಲುಗಾರನನ್ನೂ ಇಲ್ಲಿ ನೆನೆಯಬೇಕು. ಗೋವಾದ ಹಳ್ಳಿಯ ಗಡಿಯಲ್ಲಿ ರಾಖಣದಾರ ದೇವಚಾರನೆಂಬ ಕಾವಲು ದೈವ ಇದ್ದಾನೆಂಬ ನಂಬಿಕೆ ಹಿಂದೂಗಳಲ್ಲೂ ಕ್ರೈಸ್ತರಲ್ಲೂ ಇದೆ. ರೊಟ್ಟಿ, ಬಾಳೆಹಣ್ಣು, ಸುರಾ ಇಟ್ಟು ಹೊಲ ತೋಟ ಕಾಯೆಂದು ಕೇಳಿಕೊಳ್ಳುತ್ತಾರೆ. ತುಳುನಾಡಿನಲ್ಲಿ ಕಳೆದದ್ದು ಸಿಗಲಿ ಎಂದು ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳುವುದೂ ಇದೇ ಬಗೆಯದು. ಇಂಥ ಹರಕೆ ಊರಿಗೆಲ್ಲ ಗೊತ್ತಾಗುತ್ತದೆ. ಈ ತೋಟಕ್ಕೆ ಹೇಳುವವರು ಕೇಳುವವರು ಇದ್ದಾರೆ ಎಂಬ ಮಾತು ಊರಲ್ಲಿ ಹರಡುವುದೇ ಒಂದು ದೊಡ್ಡ ಕಾವಲು. ಮುಂಬೈಯಲ್ಲಿರುವ ಮಾಲೀಕ ವರ್ಷಕ್ಕೆರಡು ಸಲವಾದರೂ ಬಂದು, ನೆರೆಯವರ ಮನೆಗೆ ಒಂದು ಬುಟ್ಟಿ ಮಾವು ಕೊಟ್ಟು ಹೋಗುವುದರಿಂದ ಆಗುವ ಕೆಲಸವೂ ಅದೇ.

ಖಾಲಿ ನೆಲದಲ್ಲಿ ಬೇರೆಯವರ ಗಿಡ

ತೋಟಕ್ಕೆ ಜನ ಬರುವುದು ಕದಿಯುವುದಕ್ಕೆ ಮಾತ್ರವಲ್ಲ, ಕದ್ದು ಬೆಳೆಯುವುದಕ್ಕೂ ಬರುತ್ತಾರೆ. ಗೋವಾದ ಕಡಲತೀರದ ಊರುಗಳಲ್ಲಿ ಬಾಡಿಗೆ ಮನೆಯ ಕುಂಡಗಳಲ್ಲಿ, ಹಿತ್ತಲಿನಲ್ಲಿ ಗಾಂಜಾ ಗಿಡ ಸಿಕ್ಕ ಪ್ರಕರಣಗಳನ್ನು ಪೊಲೀಸರು ಆಗಾಗ ದಾಖಲಿಸಿದ್ದಾರೆ. ಮಾದಕ ವಸ್ತುಗಳ 1985ರ ಕಾಯಿದೆಯ 8ನೇ ಕಲಂ ಪರವಾನಗಿ ಇಲ್ಲದೆ ಈ ಗಿಡ ಬೆಳೆಯುವುದನ್ನು ನಿಷೇಧಿಸುತ್ತದೆ. 20ನೇ ಕಲಂ ಪ್ರಕಾರ ಬೆಳೆದವರಿಗೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದೇ ಗಿಡ, ಸ್ವಂತ ಬಳಕೆಗೆ ಎಂಬ ವಿನಾಯಿತಿ ಅದರಲ್ಲಿಲ್ಲ. 2020ರ ಕೊನೆಯಲ್ಲಿ ಔಷಧಕ್ಕಾಗಿ ಬೆಳೆಯಲು ಅವಕಾಶ ಕೊಡುವ ಪ್ರಸ್ತಾವ ಗೋವಾ ಸರ್ಕಾರದ ಮುಂದೆ ಬಂದು, ಭಾರೀ ವಿರೋಧ ಎದ್ದು, ಅಲ್ಲೇ ನಿಂತಿತು. ಹಾಗಾಗಿ ಇಂಥ ಗಿಡವನ್ನು ಕಳ್ಳರಿಂದ ಕಾಪಾಡುವ ದಾರಿ ಕಾನೂನಿನಲ್ಲಿ ಇಲ್ಲ. ಕಳುವಾಯಿತೆಂದು ಠಾಣೆಗೆ ಹೋದವನೇ ಆರೋಪಿಯಾಗುತ್ತಾನೆ, ಗಿಡ ಇದೆಯೆಂದು ಸುದ್ದಿಯಾದ ಮನೆಗೆ ಕತ್ತಿ ಹಿಡಿದವರು ಬಂದರೂ ಕರೆಯಲು ಯಾರೂ ಇರುವುದಿಲ್ಲ.

ತೋಟದ ಮಾಲೀಕರು ಗಮನಿಸಬೇಕಾದದ್ದು 46ನೇ ಕಲಂ. ತನ್ನ ನೆಲದಲ್ಲಿ ಅಕ್ರಮವಾಗಿ ಗಾಂಜಾ ಬೆಳೆದದ್ದು ಕಂಡರೆ ಕೂಡಲೇ ತಿಳಿಸುವುದು ನೆಲ ಹೊಂದಿರುವವನ ಕರ್ತವ್ಯ. 47ನೇ ಕಲಂ ಸರಪಂಚ, ಪಂಚರಿಗೂ ಅದೇ ಕರ್ತವ್ಯ ವಿಧಿಸುತ್ತದೆ. ಗೊತ್ತಿದ್ದೂ ಜಾಗ ಬಳಸಲು ಬಿಟ್ಟರೆ 25ನೇ ಕಲಂ ಮಾಲೀಕನನ್ನೇ ಹಿಡಿಯುತ್ತದೆ. ಬಾಳೆಯ ನಡುವೆ, ಹಳ್ಳದ ಆಚೆ ದಡದಲ್ಲಿ ಪೊದೆ ಸವರಿದ ಜಾಗ, ಹೊಸ ಪೈಪು, ಗೊಬ್ಬರದ ಚೀಲ ಕಂಡರೆ ಮುಟ್ಟದೆ, ಕೀಳದೆ ಫೋಟೊ ತೆಗೆದು ಠಾಣೆಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ತೋಟದ ಮನೆ ಬಾಡಿಗೆಗೆ ಕೊಡುವವರು ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಟ್ಟು ಪರಿಶೀಲನೆ ಮಾಡಿಸುವುದನ್ನು ತಪ್ಪಿಸಬಾರದು.

ಸಿಕ್ಕಿಬಿದ್ದಾಗ, ಕಳುವಾದಾಗ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳ್ಳತನಕ್ಕೆ ಮೂರು ವರ್ಷದವರೆಗೆ ಸಜೆ. ಆದರೆ ಮಾಲಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲದ ಅಪರಾಧವಾಗಿ, ಮಾಲೋ ಬೆಲೆಯೋ ಹಿಂತಿರುಗಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಇಂಥ ಸಣ್ಣ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರುಮಾಡುವಂತಿಲ್ಲ. ಕೊಯ್ಲಿನ ಪುಸ್ತಕ, ವ್ಯಾಪಾರಿಯ ರಸೀದಿಗಳು ಬೇಕಾಗುವುದು ಇಲ್ಲಿಯೇ. ನಷ್ಟದ ಬೆಲೆಯನ್ನು ಬಾಯಿಮಾತಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ, ಹಿಂದಿನ ಮೂರು ಕೊಯ್ಲಿನ ಲೆಕ್ಕ ಮುಂದಿಟ್ಟರೆ ನಿಲ್ಲುತ್ತದೆ. ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು, ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸಬಹುದು.

ಕಣ್ಣೆದುರು ಸಿಕ್ಕ ಕಳ್ಳನನ್ನು ಹಿಡಿಯುವ ಅಧಿಕಾರ ಗಂಭೀರ ಪ್ರಕರಣಗಳಲ್ಲಿ ಸಾಮಾನ್ಯ ನಾಗರಿಕನಿಗೂ ಇದೆ. ಹಿಡಿದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮರಕ್ಕೆ ಕಟ್ಟಿ ಹೊಡೆಯುವುದು, ವಿಡಿಯೊ ಮಾಡಿ ಹಂಚುವುದು ಅಪರಾಧ. ಐದು ಅಥವಾ ಹೆಚ್ಚು ಜನ ಸೇರಿ ಹುಟ್ಟಿದ ಊರು, ಭಾಷೆ, ಜಾತಿಯ ಕಾರಣಕ್ಕೆ ಒಬ್ಬನನ್ನು ಕೊಂದರೆ ಗುಂಪಿನ ಪ್ರತಿಯೊಬ್ಬರಿಗೂ ಜೀವಾವಧಿ ಅಥವಾ ಮರಣದಂಡನೆ ಎಂದು ನ್ಯಾಯ ಸಂಹಿತೆಯ 103ನೇ ಕಲಂ ಹೇಳುತ್ತದೆ. ಸಂಜೆ ಹೊತ್ತು ಕುಡಿದು ಕಾವಲಿಗೆ ಹೊರಡುವ ಯುವಕರ ಗುಂಪುಗಳಿಗೆ ಇದನ್ನು ಊರಿನ ಹಿರಿಯರು ಮೊದಲೇ ಹೇಳಿಡಬೇಕು.

ಕೊನೆಗೆ, ಕಳ್ಳನನ್ನು ಗಡಿಯಲ್ಲೇ ತಡೆಯುವ ಮುಳ್ಳಿನ ಬೇಲಿಯ ಮಾತು. ಅದರ ತಯಾರಿ ಶುರುವಾಗುವುದು ಮಳೆಯ ಹೊತ್ತಿಗೆ. ಮೇ ಕೊನೆಗೆ ಗೋವಾದ ಸಂತೆಗಳಲ್ಲೂ ಗುಡ್ಡಗಳಲ್ಲೂ ಕವಳೆ ಹಣ್ಣು ಹೇರಳ. ಹಣ್ಣು ತಿಂದು ಬೀಜವನ್ನು ಒಣಗಲು ಬಿಡದೆ ಕೂಡಲೇ ಪಾತಿಗೆ ಹಾಕಬೇಕು, ಹಳತಾದರೆ ಮೊಳೆಯುವುದಿಲ್ಲ. ವರ್ಷದ ಸಸಿಯನ್ನು ಮರುವರ್ಷ ಜೂನ್‌ನಲ್ಲಿ ಎರಡರಿಂದ ಮೂರು ಅಡಿ ಅಂತರದಲ್ಲಿ ಗಡಿಯುದ್ದಕ್ಕೂ ನೆಟ್ಟು, ತುದಿ ಚಿವುಟುತ್ತ ಹೋದರೆ ಮೂರು ನಾಲ್ಕು ಮಳೆಗಾಲದಲ್ಲಿ ದನವೂ ನುಗ್ಗದ ಮುಳ್ಳಿನ ಗೋಡೆಯಾಗುತ್ತದೆ. ಎರೆ ಮಣ್ಣಿಲ್ಲದ ಮುರಕಲ್ಲಿನ ಗುಡ್ಡದಲ್ಲೂ ಅದು ಬರುತ್ತದೆ, ಅಲ್ಲಿ ಕತ್ತಾಳೆಯನ್ನೂ ನಡುನಡುವೆ ಹಾಕಬಹುದು. ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಕವಳೆ ಕೊಳೆಯುತ್ತದೆ; ಹಳ್ಳದ ಬದಿಗೆ ಕೇದಗೆ ಇರಲಿ.